ವಂದೇ ಭಾರತ್ ಇರ್ಲಿ, ಮಾರಿಕುಪ್ಪಂ ರೈಲಿನ ಬಗ್ಗೆ ಮಾತಾಡೋಣ

ಬೆಂಗಳೂರಿಗೆ ಎಲ್ಲಕ್ಕಿಂತ ಮುಖ್ಯವಾದ ರೈಲು ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ನಾನು ವಂದೇ ಭಾರತ್ ಅನ್ನಲ್ಲ, ಶತಾಬ್ದಿ ಅನ್ನಲ್ಲ, ಕರ್ನಾಟಕ ಎಕ್ಸ್‌ಪ್ರೆಸ್ಸೂ ಅನ್ನಲ್ಲ. ಕೋಲಾರ ಚಿನ್ನದ ಗಣಿ ಊರು ಕೆಜಿಎಫ್ ಕಡೆ ಇರೋ ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಳಗ್ಗೆ ಬಾಗಿಲವರೆಗೂ ಜನಾನ ತುಂಬ್ಕೊಂಡು ಬರ್ತಾವಲ್ಲ ಲೋಕಲ್ ಗಾಡಿಗಳು, ಅವು ಅಂತೀನಿ. ಈ ಮಾತು ತೆಗ್ದಾಗೆಲ್ಲಾ ನಮ್ ಗ್ಯಾಂಗಲ್ಲಿ ದೊಡ್ಡ ಚರ್ಚೆ ಆಗತ್ತೆ, ಒಬ್ಬೊಬ್ರದು ಒಂದೊಂದು ವಾದ, ಹಂಗಾಗಿ ಇವತ್ತು ಕೂತು ಪೂರ್ತಿ ಬರೆದೇಬಿಡೋಣ ಅನ್ನಿಸ್ತು.

ಗ್ಯಾಂಗ್ ಅಂದ್ರೆ ದೊಡ್ಡದೇನಲ್ಲ, ರೈಲಿನ ಹುಚ್ಚು ಇರೋ ನಾಲ್ಕೈದು ಜನ. ಭಾನುವಾರ ಬೆಳಗ್ಗೆ ಬಿಡುವಿದ್ದೋರು ಮಲ್ಲೇಶ್ವರಂ ಸ್ಟೇಷನ್ನಲ್ಲಿ ಸೇರ್ತೀವಿ. ಮೆಜೆಸ್ಟಿಕ್ಕಿಗೂ ಯಶವಂತಪುರಕ್ಕೂ ಮಧ್ಯ ಇರೋ ಪುಟ್ಟ ಸ್ಟೇಷನ್ನು, ನೆರಳಿದೆ, ಬೆಂಚಿದೆ, ಮೆಜೆಸ್ಟಿಕ್ಕಿಂದ ತುಮಕೂರು ಹುಬ್ಬಳ್ಳಿ ಕಡೆ ಹೋಗೋ ಗಾಡಿಗಳೆಲ್ಲಾ ಕಣ್ಣೆದುರೇ ಹಾದು ಹೋಗ್ತವೆ. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಕೂತ್ರೆ ಯಾರಿಗೂ ತೊಂದ್ರೆ ಇಲ್ಲ. ಆಮೇಲೆ ಹೊಟ್ಟೆ ಹಸಿದಾಗ ಮಾರ್ಗೋಸಾ ರೋಡಲ್ಲಿ ವೀಣಾ ಸ್ಟೋರ್ಸ್ ಇಡ್ಲಿ, ಫುಟ್‌ಪಾತ್ ಮೇಲೇ ನಿಂತ್ಕೊಂಡು, ಒಂದು ಕೈಯಲ್ಲಿ ತಟ್ಟೆ ಇನ್ನೊಂದು ಕೈಯಲ್ಲಿ ಮೊಬೈಲಲ್ಲಿ ಇಂಜಿನ್ ಫೋಟೋ. ಅಷ್ಟೇ ನಮ್ ಮೀಟಿಂಗು.

ಯಾರ್ಯಾರಿದೀವಿ ಅಂದ್ರೆ, ಮೊದಲು ನಮ್ ಡ್ರೈವರ್ ಸಾರು. ರಿಟೈರ್ ಆಗಿದಾರೆ. ಮೀಟರ್ ಗೇಜ್ ಕಾಲದಲ್ಲಿ, ಅಂದ್ರೆ ಎರಡು ಹಳಿ ಮಧ್ಯೆ ಒಂದೇ ಮೀಟರ್ ಅಗಲ ಇದ್ದ ಕಾಲದಲ್ಲಿ, ಫೈರ್‌ಮನ್ ಆಗಿ ಸೇರಿ ಉಗಿ ಇಂಜಿನ್ನಿಗೆ ಕಲ್ಲಿದ್ದಲು ಎತ್ತಿ ಹಾಕಿ, ಡೀಸೆಲ್‌ಗೆ ಅಸಿಸ್ಟೆಂಟ್ ಆಗಿ, ಆಮೇಲೆ ಡ್ರೈವರ್ ಆದೋರು. ಈಗೆಲ್ಲಾ ಲೋಕೋ ಪೈಲಟ್ ಅಂತಾರೆ, ಆದ್ರೆ ಅವ್ರಿಗೆ ನಾವು ಡ್ರೈವರ್ ಸಾರ್ ಅಂದ್ರೇನೇ ಖುಷಿ. ಇನ್ನೊಬ್ಬ ಸಾಫ್ಟ್‌ವೇರ್ ಹುಡುಗ, ಮಾರತ್ತಹಳ್ಳಿ ಕಡೆ ಪಿಜಿಯಲ್ಲಿ ಇದಾನೆ, ಯಾವ ಇಂಜಿನ್ ಯಾವ ಶೆಡ್‌ದು ಅಂತ ದೂರದಿಂದ ಬಣ್ಣ ನೋಡೇ ಹೇಳಿಬಿಡ್ತಾನೆ. ಆಮೇಲೆ ಕೆಜಿಎಫ್ ಅಕ್ಕ ಮತ್ತೆ ಅವ್ರ ಮಗ. ಅಕ್ಕ ಕಂಟೋನ್ಮೆಂಟ್ ಹತ್ರ ಒಂದು ಆಸ್ಪತ್ರೇಲಿ ಲ್ಯಾಬ್ ಟೆಕ್ನಿಷಿಯನ್ನು, ವಾರವೆಲ್ಲಾ ರೈಲಲ್ಲೇ ಓಡಾಟ, ಆದ್ರೂ ಮಗನಿಗೆ ರೈಲಿನ ಆಸೆ ಅಂತ ಯಾವಾಗ್ಲಾದ್ರೂ ಭಾನುವಾರ ಕೂಡ ಕರ್ಕೊಂಡು ಬರ್ತಾರೆ. ನಾನು ತಿಪಟೂರಿನೋನು, ಪೀಣ್ಯದಲ್ಲಿ ಅಕೌಂಟ್ಸ್ ಕೆಲಸ, ಚಿಕ್ಕೋನಿದ್ದಾಗಿಂದ ಮನೆ ಹತ್ರ ಗಾಡಿ ಸದ್ದು ಕೇಳ್ಕೊಂಡೇ ಬೆಳ್ದಿರೋದು.

ಈ ಸಲ ವಾದ ಶುರುವಾಗಿದ್ದು ಹುಡುಗನಿಂದ. ಧಾರವಾಡ ವಂದೇ ಭಾರತ್ ವಿಡಿಯೋ ತೋರಿಸ್ತಾ ಇದ್ದ, "ನೋಡಿ ಗುರೂ ಪಿಕಪ್ ಹೆಂಗಿದೆ" ಅಂತ. ನಿಜವಾಗ್ಲೂ ಚೆನ್ನಾಗಿದೆ, ನಾನೇನು ಇಲ್ಲ ಅನ್ನಲ್ಲ. 2022ರ ನವೆಂಬರಲ್ಲಿ ಮೈಸೂರು–ಚೆನ್ನೈ ವಂದೇ ಭಾರತ್ ಬಂತು, ದಕ್ಷಿಣ ಭಾರತಕ್ಕೇ ಅದು ಮೊದಲ್ನೇದು, 2023ರ ಜೂನಲ್ಲಿ ಧಾರವಾಡದ್ದು, 2025ರ ಆಗಸ್ಟಲ್ಲಿ ಬೆಳಗಾವಿದು. ಬಂದಾಗೆಲ್ಲಾ ನಾವೂ ಹೋಗಿ ನೋಡಿದೀವಿ. ಆದ್ರೆ ಆ ಪಿಕಪ್ ಎಲ್ಲಿಂದ ಬರತ್ತೆ ಅಂತ ಡ್ರೈವರ್ ಸಾರ್ ಬಿಡಿಸಿ ಹೇಳಿದ್ರು ನೋಡಿ, ಆಗ ನನ್ ವಾದಕ್ಕೆ ಬಲ ಬಂತು.

ಮಾಮೂಲಿ ಎಕ್ಸ್‌ಪ್ರೆಸ್ ಗಾಡೀಲಿ ಮುಂದೆ ಒಂದು ಇಂಜಿನ್ ಇರತ್ತೆ, ಇಪ್ಪತ್ತು ಇಪ್ಪತ್ತೆರಡು ಬೋಗೀನ ಅದೊಂದೇ ಎಳೀಬೇಕು. ವಂದೇ ಭಾರತಲ್ಲಿ ಬೇರೆ ಇಂಜಿನ್ನೇ ಇಲ್ಲ, ಅರ್ಧದಷ್ಟು ಬೋಗಿಗಳ ಕೆಳಗೇ ಮೋಟಾರ್ ಕೂರಿಸಿರ್ತಾರೆ, ಎಲ್ಲಾ ಸೇರಿ ಒಟ್ಟಿಗೆ ತಳ್ಳೋದ್ರಿಂದ ಸರಕ್ ಅಂತ ಸ್ಪೀಡ್ ತಗೊಳ್ಳತ್ತೆ. ಎರಡೂ ಕಡೆ ಕ್ಯಾಬಿನ್ ಇರೋದ್ರಿಂದ ಕೊನೇ ಸ್ಟೇಷನ್ನಲ್ಲಿ ಇಂಜಿನ್ ಬಿಚ್ಚಿ ಈ ಕಡೆಯಿಂದ ಆ ಕಡೆಗೆ ತಂದು ಸೇರ್ಸೋ ಕೆಲಸಾನೂ ಇಲ್ಲ. ಸಾರ್ ಇಷ್ಟು ಹೇಳಿ, "ಇದೇ ಕೆಲಸ ಮೆಮು ಎಷ್ಟು ವರ್ಷದಿಂದ ಮಾಡ್ತಾ ಇದೆ ಗೊತ್ತೇನಪ್ಪಾ" ಅಂದ್ರು. ಹೌದಲ್ವಾ! ಮೆಮು ಅಂದ್ರೆ ಮಾರಿಕುಪ್ಪಂ ಕಡೆ ಓಡೋ ಇದೇ ಕರೆಂಟ್ ಲೋಕಲ್ ಗಾಡಿಗಳು, ಅದರಲ್ಲೂ ಬೇರೆ ಇಂಜಿನ್ ಇಲ್ಲ, ಸಾಮಾನ್ಯವಾಗಿ ನಾಲ್ಕು ಬೋಗಿಗೆ ಒಂದು ಮೋಟಾರ್ ಕೋಚ್ ಇರತ್ತೆ, ಎರಡೂ ತುದೀಲಿ ಡ್ರೈವರ್ ಕ್ಯಾಬಿನ್. ಐದಾರು ಕಿಲೋಮೀಟರಿಗೊಂದು ಸ್ಟೇಷನ್ ಬರೋ ದಾರೀಲಿ, ನಿಂತು ಹೊರಟು ನಿಂತು ಹೊರಟು ಮಾಡೋ ಗಾಡಿಗೆ ಇದೇ ಸರಿ. ಚೆನ್ನೈ ಪೆರಂಬೂರಿನ ರೈಲು ಬೋಗಿ ಕಾರ್ಖಾನೆ ಐಸಿಎಫಲ್ಲಿ ವಂದೇ ಭಾರತೂ ತಯಾರಾಗತ್ತೆ ಮೆಮುನೂ ತಯಾರಾಗತ್ತೆ. ಒಂದೇ ಮನೆ ಮಕ್ಕಳು, ಒಂದಕ್ಕೆ ಹೂವಿನ ಹಾರ ಹಾಕಿ ಬಾವುಟ ತೋರಿಸ್ತಾರೆ, ಇನ್ನೊಂದನ್ನ ಯಾರೂ ತಿರುಗಿ ನೋಡಲ್ಲ. ಇದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷಯ, ಯಾಕಂದ್ರೆ ನಮ್ಮಂಥ ರೈಲು ಪ್ರೇಮಿಗಳೇ ಮೆಮು ಬಂದಾಗ ಕ್ಯಾಮೆರಾ ಕೆಳಗಿಳಿಸ್ತೀವಿ.

ಈಗ ಅಕ್ಕನ ಮಾತಿಗೆ ಬರ್ತೀನಿ, ಅದೇ ಇಲ್ಲಿ ಮುಖ್ಯ.

ಅಕ್ಕನ ಅಪ್ಪ ಗಣಿ ಕೆಲಸದೋರು. ಕೋಲಾರ ಚಿನ್ನದ ಗಣಿ ಅಂದ್ರೆ ಗೊತ್ತಲ್ವಾ, ಮೂರು ಕಿಲೋಮೀಟರಿಗೂ ಜಾಸ್ತಿ ಆಳ, 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಎಳ್ದು ತಂದಿದ್ದು, ಬೆಂಗಳೂರಿಗಿಂತ ಮುಂಚೆ ಅಲ್ಲಿ ದೀಪ ಉರಿದಿತ್ತು. ಆ ಗಣಿಗೋಸ್ಕರಾನೇ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 16 ಕಿಲೋಮೀಟರ್ ಲೈನ್ ಹಾಕಿದ್ದು, 1894ರಲ್ಲಿ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತಿದ್ರು. ಅಲ್ಲಿನ ಸ್ಟೇಷನ್ ಹೆಸ್ರು ಕೇಳಿ, ಕೋರಮಂಡಲ್, ಊರ್ಗಾಂ, ಚಾಂಪಿಯನ್. ಗಣಿಗಳ ಹೆಸರು ಹೊತ್ತ ಸ್ಟೇಷನ್ನುಗಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು. ಊರಲ್ಲಿ ಕೆಲಸ ಇಲ್ಲ, ಊರು ಬಿಟ್ಟು ಬರೋಣ ಅಂದ್ರೆ ಬೆಂಗಳೂರಲ್ಲಿ ಬಾಡಿಗೆ ಕೊಡೋ ಶಕ್ತಿ ಇಲ್ಲ, ಆಗ ಉಳಿದಿದ್ದು ಈ ಲೈನ್ ಒಂದೇ. ಚಿನ್ನದ ಗಣಿಗಾಗಿ ಹಾಕಿದ ಹಳಿ ಮೇಲೆ ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ದಿನಾ ಬೆಂಗಳೂರಿಗೆ ಬಂದು ಹೋಗಿ ಆ ಊರನ್ನ ಉಳಿಸ್ಕೊಂಡಿದಾರೆ. ನಾನು ಇದನ್ನ ಸುಮ್ನೆ ಭಾವುಕನಾಗಿ ಹೇಳ್ತಿಲ್ಲ, ಒಂದು ಸಲ ಸಂಜೆ ಕಂಟೋನ್ಮೆಂಟಲ್ಲಿ ಆ ಗಾಡಿ ಬರೋ ಟೈಮಿಗೆ ನಿಂತು ನೋಡಿ, ನಿಮಗೇ ಗೊತ್ತಾಗತ್ತೆ.

"ಅಪ್ಪನ ಕಾಲದಲ್ಲಿ ಶಿಫ್ಟ್ ಸೈರನ್ ಕೂಗಿದ್ರೆ ಊರೆಲ್ಲಾ ಏಳ್ತಿತ್ತು, ಈಗ ನಮಗೆ ಗಾಡಿ ಟೈಮೇ ಸೈರನ್ನು" ಅಂತ ಅಕ್ಕ ಹೇಳ್ತಾರೆ. ಬೆಳಕು ಹರಿಯೋ ಮುಂಚೆ ಎದ್ದು ಅಡುಗೆ ಮುಗ್ಸಿ ಡಬ್ಬಿ ಕಟ್ಟಿ, ಮಗನ್ನ ಅವ್ರಮ್ಮನ ಹತ್ರ ಬಿಟ್ಟು ಗಾಡಿ ಹತ್ತಬೇಕು, ಎರಡು ಗಂಟೆ ಮೇಲೆ ಪ್ರಯಾಣ, ಟ್ಯಾಕಲ್, ಮಾಲೂರು, ಬ್ಯಾಟರಾಯನಹಳ್ಳಿ, ದೇವನಗೊಂದಿ, ವೈಟ್‌ಫೀಲ್ಡ್, ಒಂದೊಂದು ಸ್ಟೇಷನ್ನಲ್ಲೂ ಇನ್ನಷ್ಟು ಜನ. ಮಾಲೂರು ದಾಟಿದ್ಮೇಲೆ ಹತ್ತಿದೋರಿಗೆ ಸೀಟಿನ ಮಾತೇ ಇಲ್ಲ, ಕಾಲಿಡಕ್ಕೆ ಜಾಗ ಸಿಕ್ರೆ ಸಾಕು. ಆದ್ರೂ ತಿಂಗಳ ಪಾಸಿನ ದುಡ್ಡಲ್ಲಿ ಬಸ್ಸಲ್ಲಿ ಟಿಕೆಟ್ ಕೊಟ್ಟು ಹೋಗೋರು ಒಂದು ವಾರ ಓಡಾಡಕ್ಕಾಗಲ್ಲ, ಅದಕ್ಕೇ ಜನ ಈ ಗಾಡೀನ ಬಿಡಲ್ಲ.

ಆದ್ರೆ ಒಳಗಡೆ ಬರೀ ಕಷ್ಟಾನೇ ಇದೆ ಅಂದ್ಕೋಬೇಡಿ. ನಾನು ಅಕ್ಕನ ಜೊತೆ ಒಂದು ಸಂಜೆ ಕಂಟೋನ್ಮೆಂಟಿಂದ ಮಾಲೂರುವರೆಗೆ ಹೋಗಿದ್ದೆ. ಲೇಡೀಸೆಲ್ಲಾ ಒಂದು ಕಡೆ ಗುಂಪಾಗಿ ಕೂತ್ಕೋತಾರೆ, ಒಬ್ರು ಮೊಣಕಾಲ ಮೇಲೆ ಪೇಪರ್ ಹಾಸ್ಕೊಂಡು ಅವರೆಕಾಯಿ ಸುಲೀತಾ ಇದ್ರು, ಪಕ್ಕದೋರು ಕೇಳ್ದೇನೇ ಒಂದು ಹಿಡಿ ತಗೊಂಡು ಅವ್ರೂ ಸುಲಿಯಕ್ಕೆ ಶುರು ಮಾಡಿದ್ರು, ಕೆ.ಆರ್.ಪುರ ಬರೋವಷ್ಟರಲ್ಲಿ ಆ ಇಡೀ ಸೀಟಿನ ಸಾಲು ಅವರೆಕಾಯಿ ಸುಲೀತಾ ಇತ್ತು. ಸಿಪ್ಪೆ ಎಲ್ಲಾ ಒಂದೇ ಕವರಿಗೆ, ಕಾಳೆಲ್ಲಾ ಒಂದೇ ಡಬ್ಬಿಗೆ. ಮಾತು ಮಾತ್ರ ತಮಿಳಲ್ಲಿ ಶುರುವಾಗಿ ತೆಲುಗಿಗೆ ಹೋಗಿ ಕನ್ನಡಕ್ಕೆ ಬರ್ತಾ ಇತ್ತು, ಯಾರಿಗೂ ಅದು ಗಮನಕ್ಕೂ ಬಂದಂಗಿರ್ಲಿಲ್ಲ. ಆ ಕಡೆ ಬಾಗಿಲ ಹತ್ರ ಹುಡುಗರ ಇಸ್ಪೀಟು, ಬ್ರೀಫ್‌ಕೇಸೇ ಮೇಜು. ಯಾರದೋ ಮಗಳಿಗೆ ನರ್ಸಿಂಗ್ ಸೀಟ್ ಸಿಕ್ಕಿತ್ತು, ಅದಕ್ಕೆ ಮೈಸೂರುಪಾಕ್ ಹಂಚಿದ್ರು, ನಂಗೂ ಕೊಟ್ರು, ನಾನು ಯಾರು ಅಂತ ಕೂಡ ಕೇಳ್ಲಿಲ್ಲ. ಆಯುಧಪೂಜೆ ಟೈಮಲ್ಲಿ ದುಡ್ಡು ಸೇರಿಸಿ ಬೋಗಿಗೆ ಬಾಳೆಕಂಬ, ಮಾವಿನ ಸೊಪ್ಪು ಕಟ್ಟಿ ಪೂಜೆ ಮಾಡಿ ಪುರಿ ಹಂಚ್ತಾರಂತೆ. ನಾವು ಇಂಜಿನ್ ನಂಬರ್ ಬರ್ಕೊಂಡು ರೈಲನ್ನ ಪ್ರೀತಿಸ್ತೀವಿ ಅಂತೀವಿ, ಅವ್ರ ಪ್ರೀತಿ ಬೇರೆ ಥರದ್ದು, ಅದಕ್ಕೆ ನಾನು ದೊಡ್ಡ ಜಾಗ ಕೊಡ್ತೀನಿ.

ಹುಡುಗ ಸುಮ್ನೆ ಬಿಡ್ತಾನಾ. "ಅದೆಲ್ಲಾ ಸರಿ, ಆದ್ರೆ ರೈಲು ಅಂದ್ಮೇಲೆ ಥ್ರಿಲ್ ಇರ್ಬೇಕಲ್ವಾ, ಘಾಟ್ ಸೆಕ್ಷನ್ ಬಿಟ್ಟು ಮೆಮು ಅಂತೀರಲ್ಲ" ಅಂದ. ಘಾಟ್ ಅಂದ ತಕ್ಷಣ ಡ್ರೈವರ್ ಸಾರ್ ಮುಖದಲ್ಲಿ ಕಳೆ ಬಂತು. ಅವ್ರು ಸಕಲೇಶಪುರ–ಸುಬ್ರಹ್ಮಣ್ಯ ಘಾಟಲ್ಲಿ ಕೆಲಸ ಮಾಡಿದೋರು, 1979ರಲ್ಲಿ ಆ ಲೈನ್ ಶುರುವಾದ್ಮೇಲೆ, ಮೀಟರ್ ಗೇಜ್ ಕಾಲದಲ್ಲಿ, ವೈಡಿಎಂ-4 ಡೀಸೆಲ್ ಇಂಜಿನ್ ಮೇಲೆ. 55 ಕಿಲೋಮೀಟರ್ ದಾರೀಲಿ 57 ಸುರಂಗ, 50 ಅಡಿ ಹೋದ್ರೆ ಒಂದು ಅಡಿ ಏರು. ಕೇಳಕ್ಕೆ ಏನೂ ಅನ್ಸಲ್ಲ, ಆದ್ರೆ ರೈಲಿಗೆ ಅದು ಭಾರೀ ಏರು. ಮೇಲೆ ಹತ್ತೋವಾಗ ಹಿಂದಿಂದ ಬ್ಯಾಂಕರ್ ಇಂಜಿನ್ ಸೇರಿಸಿ ತಳ್ಬೇಕು. ಎಲ್ಲರೂ ಹತ್ತೋದೇ ಕಷ್ಟ ಅಂದ್ಕೋತಾರೆ, ಸಾರ್ ಹೇಳೋದು ಇಳಿಯೋದೇ ಕಷ್ಟ ಅಂತ.

"ಬ್ರೇಕ್ ಹಾಕ್ತಾನೇ ಇದ್ರೆ ಚಕ್ರ ಕಾಯ್ತದೆ ಮರೀ, ಕಾದ ಮೇಲೆ ಬ್ರೇಕ್ ಹಿಡಿಯಲ್ಲ." ಅದಕ್ಕೆ ಡೈನಾಮಿಕ್ ಬ್ರೇಕ್. ಬೈಕಲ್ಲಿ ಇಳಿಜಾರು ಇಳಿಯೋವಾಗ ಸೆಕೆಂಡ್ ಗೇರಲ್ಲಿ ಬಿಡ್ತೀವಲ್ಲ ಹಂಗೆ. ಚಕ್ರ ತಿರುಗ್ಸೋ ಮೋಟಾರನ್ನೇ ಆಗ ಜನರೇಟರ್ ಥರ ಬಳಸ್ತಾರೆ, ಚಕ್ರ ಅದನ್ನ ತಿರುಗ್ಸಿ ಕರೆಂಟ್ ಹುಟ್ಟಿಸ್ಬೇಕು, ಆ ಶ್ರಮದಲ್ಲೇ ಗಾಡಿ ವೇಗ ತಗ್ಗತ್ತೆ. ಹುಟ್ಟಿದ ಕರೆಂಟನ್ನ ಡೀಸೆಲ್ ಇಂಜಿನ್ ಮೇಲಿರೋ ರೆಸಿಸ್ಟರ್ ಗ್ರಿಡ್ಡಲ್ಲಿ ಬಿಸಿ ಮಾಡಿ ಗಾಳಿಗೆ ಬಿಡ್ತಾರೆ, ಆ ಗ್ರಿಡ್ ತಣ್ಣಗಿಡೋಕೆ ತಿರುಗೋ ಬ್ಲೋವರ್ ಸದ್ದು ಇದ್ಯಲ್ಲ, ಘಾಟಲ್ಲಿ ಕೇಳ್ಸತ್ತೆ ಕಿರ್ ಅಂತ, ಅದೇ. ವ್ಯಾಪ್-7 ಥರದ ಹೊಸ ಎಲೆಕ್ಟ್ರಿಕ್ ಇಂಜಿನ್ನಲ್ಲಿ ಆ ಕರೆಂಟ್ ವೇಸ್ಟ್ ಆಗಲ್ಲ, ಮೇಲಿನ ತಂತಿಗೇ ವಾಪಸ್ ಹೋಗತ್ತೆ, ಇನ್ನೊಂದು ಗಾಡಿಗೆ ಸಿಗತ್ತೆ. ಇದನ್ನ ಕೇಳಿ ಅಕ್ಕನ ಮಗ "ಹಂಗಾದ್ರೆ ಇಳಿಯೋ ರೈಲು ಹತ್ತೋ ರೈಲಿಗೆ ಹೆಲ್ಪ್ ಮಾಡ್ತದಾ ತಾತ" ಅಂದ. ಸಾರ್ ಎದ್ದು ನಿಂತು ಅವನ ಬೆನ್ನು ತಟ್ಟಿದ್ರು.

ಘಾಟ್ ಕಥೆ ಬಂದ್ರೆ ಒಂದು ಮಾತು ಹೇಳ್ಲೇಬೇಕು. ಎಡಕುಮೇರಿ ಕಡೆ ಹಳಿ ಮೇಲೆ ಟ್ರೆಕ್ಕಿಂಗ್ ಹೋಗೋಣ್ವಾ ಅಂತ ಹುಡುಗನ ಆಫೀಸ್ ಫ್ರೆಂಡ್ಸ್ ಈಗ್ಲೂ ಕೇಳ್ತಾರಂತೆ. ಬೇಡ. ಅದು ಕಾನೂನಿಗೆ ವಿರುದ್ಧ, ಸುರಂಗದೊಳಗೆ ಗಾಡಿ ಬಂದ್ರೆ ಪಕ್ಕಕ್ಕೆ ಸರಿಯಕ್ಕೆ ಸರಿಯಾಗಿ ಜಾಗ ಇರಲ್ಲ, ಮಳೆಗಾಲದಲ್ಲಿ ಗುಡ್ಡಾನೇ ಜಾರತ್ತೆ. 2024ರ ಜುಲೈ ಕೊನೇಲಿ ಎಡಕುಮೇರಿ–ಕಡಗರವಳ್ಳಿ ಮಧ್ಯೆ ಗುಡ್ಡ ಕುಸಿದು ಎಷ್ಟು ದಿನ ಗಾಡಿ ನಿಂತಿತ್ತು ನೆನಪಿದ್ಯಲ್ಲ, ಮಳೇಲಿ ನಿಂತ್ಕೊಂಡು ಮರಳು ಚೀಲ ಕಲ್ಲು ಜೋಡಿಸಿ ಹಳಿ ಉಳಿಸಿದ ಕೆಲಸಗಾರರ ಫೋಟೋ ನೋಡಿ ನನಗೆ ಕೈ ಮುಗಿಯೋಣ ಅನ್ಸಿತ್ತು. ನೋಡ್ಬೇಕು ಅಂದ್ರೆ ಯಶವಂತಪುರದಿಂದ ಹಗಲು ಹೊತ್ತಿನ ಕಾರವಾರ ಗಾಡಿ ಹಿಡೀರಿ, ಕಿಟಕಿ ಪಕ್ಕ ಕೂತ್ಕೊಳ್ಳಿ, ಅಷ್ಟು ಸಾಕು.

ಮತ್ತೆ ನನ್ ವಾದಕ್ಕೆ. ವೈಟ್‌ಫೀಲ್ಡ್ ಮೆಟ್ರೋ 2023ರಲ್ಲಿ ಬಂದ ಮೇಲೆ ಈ ಲೋಕಲ್ ಗಾಡಿ ಇನ್ನೂ ಉಪಯೋಗಕ್ಕೆ ಬಂತು. ಮಾರ್ಚಲ್ಲಿ ಕೆ.ಆರ್.ಪುರದವರೆಗೆ ಅಷ್ಟೇ ಇತ್ತು, ಅಕ್ಟೋಬರಲ್ಲಿ ಬೈಯಪ್ಪನಹಳ್ಳಿ ತುಂಡು ಸೇರಿದ್ಮೇಲೆ ವೈಟ್‌ಫೀಲ್ಡಿಂದ ಮೆಜೆಸ್ಟಿಕ್ ದಾಟಿ ಹೋಗೋ ಪೂರ್ತಿ ನೇರಳೆ ಲೈನು. ಈಗ ಮಾಲೂರು ಟ್ಯಾಕಲ್ ಕಡೆಯೋರು ವೈಟ್‌ಫೀಲ್ಡಲ್ಲೋ ಕೆ.ಆರ್.ಪುರದಲ್ಲೋ ಇಳಿದು ಮೆಟ್ರೋ ಹತ್ತಿ ಇಂದಿರಾನಗರ, ಎಂ.ಜಿ. ರೋಡ್ ಹೋಗ್ತಾರೆ. ಹೂಡಿಯಲ್ಲಿ ಐಟಿ ಕಂಪನಿ ಕಾರ್ಡ್ ನೇತು ಹಾಕ್ಕೊಂಡೋರೂ ಇಳೀತಾರೆ, ಸೆಕ್ಯೂರಿಟಿ ಯೂನಿಫಾರ್ಮಲ್ಲಿರೋರೂ ಇಳೀತಾರೆ. ಒಂದೇ ಬಾಗಿಲಲ್ಲಿ. ರಸ್ತೇಲಾದ್ರೆ ಅಷ್ಟು ಜನಕ್ಕೆ ಎಷ್ಟು ಬಸ್ಸು ಎಷ್ಟು ಕಾರು ಬೇಕಾಗಿತ್ತು, ಟಿನ್ ಫ್ಯಾಕ್ಟರಿ ಸಿಗ್ನಲ್ಲಲ್ಲಿ ನಿಂತಿರೋರು ಒಂದ್ಸಲ ಯೋಚ್ನೆ ಮಾಡಿ.

ಇದನ್ನೆಲ್ಲಾ ನೋಡಿದಾಗ ಬೆಂಗಳೂರಿಗೆ ಅಂತ ಕಟ್ತಿರೋ ಸಬರ್ಬನ್ ರೈಲು ಬೇಗ ಬರ್ಲಿ ಅಂತ ಹಂಬಲ ಆಗತ್ತೆ. 148 ಕಿಲೋಮೀಟರ್, ನಾಲ್ಕು ಲೈನು, ಹೆಸರುಗಳೂ ಚೆನ್ನಾಗಿವೆ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2022ರ ಜೂನಲ್ಲಿ ಶಂಕುಸ್ಥಾಪನೆ ಆಯ್ತು. ಪಾರಿಜಾತ ಅನ್ನೋದು ಕೆಂಗೇರಿಯಿಂದ ವೈಟ್‌ಫೀಲ್ಡಿಗೆ. ಇವತ್ತು ಎಕ್ಸ್‌ಪ್ರೆಸ್ಸು, ಗೂಡ್ಸು, ಲೋಕಲ್ಲು ಎಲ್ಲಾ ಒಂದೇ ಹಳಿ ಮೇಲೆ ಸರದಿ ನಿಲ್ತವೆ, ಸೂಪರ್‌ಫಾಸ್ಟ್ ಒಂದು ಹಿಂದೆ ಬಂತು ಅಂದ್ರೆ ಲೋಕಲನ್ನ ಲೂಪಿಗೆ, ಅಂದ್ರೆ ಸ್ಟೇಷನ್ನಿನ ಪಕ್ಕದ ಹಳಿಗೆ, ಹಾಕಿ ಅದನ್ನ ಮುಂದೆ ಬಿಡ್ತಾರೆ. ಆ ಕಾಯೋ ಹತ್ತು ನಿಮಿಷ ನಮಗೆ ಓವರ್‌ಟೇಕ್ ವಿಡಿಯೋ, ಅಕ್ಕನಿಗೆ ಆಸ್ಪತ್ರೇಲಿ ಲೇಟ್ ಅಟೆಂಡೆನ್ಸು. ಲೋಕಲ್‌ಗೇ ಅಂತ ಬೇರೆ ಹಳಿ ಬಂದ್ರೆ ಮಾತ್ರ ಇದು ಸರಿಹೋಗೋದು. ಈ ಮಾತಿಗೆ ಹುಡುಗನೂ ತಲೆ ಆಡಿಸಿದ, ಅವನು ದಿನಾ ಔಟರ್ ರಿಂಗ್ ರೋಡಲ್ಲಿ ಓಡಾಡೋನು, ಅವನಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

ಹಿಂಗೆ ಮಾತಾಡ್ತಾ ಮಾತಾಡ್ತಾ ನಡುವೆ ಮನೆ ವಿಷಯಾನೂ ಬರ್ತಾವೆ. ಸಾರ್‌ಗೆ ಮಂಡಿ ನೋವು, ಮೆಟ್ಟಿಲು ಹತ್ತೋದು ಬೇಡ ಅಂತ ಡಾಕ್ಟ್ರು ಹೇಳಿದಾರೆ, ಆದ್ರೂ ಮೇಲ್ಸೇತುವೆ ಮೇಲೆ ನಿಂತು ನೋಡ್ಬೇಕು ಅಂತಾರೆ. ಹುಡುಗನಿಗೆ ಮನೇಲಿ ಹೆಣ್ಣು ನೋಡ್ತಿದಾರೆ, ಹುಡುಗಿಗೆ ರೈಲು ಇಷ್ಟ ಇರ್ಬೇಕಾ ಅಂತ ಅಕ್ಕ ಕೇಳಿದ್ರು, ಇಷ್ಟ ಇಲ್ದಿದ್ರೂ ಪರವಾಗಿಲ್ಲ, ಕಿಟಕಿ ಸೀಟ್ ಬಿಟ್ಟುಕೊಟ್ರೆ ಸಾಕು ಅಂದ.

ಅಕ್ಕನ ಮಗನ ವಿಷಯ ಹೇಳ್ಲೇಬೇಕು. ಎಲ್ರೂ ಇಂಜಿನ್ ನೋಡಿದ್ರೆ ಅವನು ಕೊನೇ ಬೋಗಿ ನೋಡ್ತಾನೆ. ಅದರ ಹಿಂದೆ ದೊಡ್ಡದಾಗಿ ಎಕ್ಸ್ ಗುರುತು ಬರ್ದಿರ್ತಾರೆ, ಎಲ್‌ವಿ, ಅಂದ್ರೆ ಲಾಸ್ಟ್ ವೆಹಿಕಲ್, ಅನ್ನೋ ಸಣ್ಣ ಬೋರ್ಡ್ ನೇತು ಹಾಕಿರ್ತಾರೆ, ರಾತ್ರಿಯಾದ್ರೆ ಕೆಂಪು ದೀಪ ಮಿಣುಕ್ತಾ ಇರತ್ತೆ. ಗಾಡಿ ದಾಟೋವಾಗ ಸ್ಟೇಷನ್ನೋರು ಅದನ್ನ ನೋಡಿ ಪೂರ್ತಿ ಗಾಡಿ ಬಂತು, ದಾರೀಲಿ ಯಾವ ಬೋಗಿನೂ ಕಳಚಿಕೊಂಡಿಲ್ಲ ಅಂತ ಖಾತ್ರಿ ಮಾಡ್ಕೋತಾರೆ. ಇದನ್ನ ಸಾರ್ ಅವನಿಗೆ ಹೇಳಿಕೊಟ್ಟಿದ್ದು, ಅವತ್ತಿಂದ ಒಂದು ನೋಟ್ ಬುಕ್ಕಲ್ಲಿ ಗಾಡಿ ಹೆಸರು ಬರೆದು ಪಕ್ಕ ಟಿಕ್ ಹಾಕ್ತಾನೆ. ಕೊನೇ ಬೋಗಿಯಿಂದ ಗಾರ್ಡ್ ಹಸಿರು ಬಾವುಟ ತೋರಿಸಿದ್ರೆ ಅವನೂ ಕೈ ಎತ್ತಿ ಬೀಸ್ತಾನೆ. ಗಾರ್ಡ್‌ಗೆ ಈಗ ಟ್ರೈನ್ ಮ್ಯಾನೇಜರ್ ಅಂತ ಹೆಸರು ಬದಲಾಗಿದೆ, ಅದನ್ನೂ ಅವನೇ ನಂಗೆ ತಿದ್ದಿ ಹೇಳಿದ್ದು.

ಕೊನೆಗೆ ವಾದ ಎಲ್ಲಿಗೆ ಬಂತು ಅಂದ್ರೆ, ಎಲ್ಲಾ ಸೇರಿ ಮಾರಿಕುಪ್ಪಂವರೆಗೆ ಒಂದ್ಸಲ ಹೋಗಿ ಬರೋದು ಅಂತ. ಚಾಂಪಿಯನ್, ಊರ್ಗಾಂ ಸ್ಟೇಷನ್ನುಗಳನ್ನ ನಿಧಾನಕ್ಕೆ ನೋಡ್ಬೇಕು, ಆ ಗಣಿ ಮಣ್ಣಿನ ಗುಡ್ಡೆಗಳನ್ನೂ ನೋಡ್ಬೇಕು, ಮಧ್ಯಾಹ್ನದ ಊಟ ಅಕ್ಕನ ಮನೇಲಿ. ಹುಡುಗ ಭಾನುವಾರ ಹೋಗೋಣ, ರಶ್ ಇರಲ್ಲ ಅಂದ. ನಾನು ಒಪ್ಪಲಿಲ್ಲ, ರಶ್ ಇಲ್ದೇ ಇರೋವಾಗ ಆ ಗಾಡಿ ನೋಡಿದ್ರೆ ಅರ್ಧಾನೇ ನೋಡಿದಂಗೆ, ಸೋಮವಾರಾನೇ ಹೋಗ್ಬೇಕು ಅಂದೆ. ಹುಡುಗ ರಜಾ ಹಾಕ್ತೀನಿ ಅಂದಿದಾನೆ. ಡ್ರೈವರ್ ಸಾರ್ ಮಾತ್ರ, ವಾಪಸ್ ಬರೋ ಗಾಡಿ ಟೈಮ್ ಮೊದ್ಲು ನೋಡ್ಕೊಳ್ಳಿ ಆಮೇಲೆ ಮಿಕ್ಕಿದ್ದು ಅಂತಾವ್ರೆ. ಆ ಲೈನಲ್ಲಿ ದಿನಾ ಓಡಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಯಾವ ಗಾಡಿ, ಯಾವ ಬೋಗಿ ಹತ್ತಬೇಕು ಅಂತ ಹೇಳಿ, ನಿಮ್ ಜಾಗ ಹಿಡಿಯಲ್ಲ, ನಿಂತ್ಕೊಂಡೇ ಬರ್ತೀವಿ.